ಬ್ಲೇಡಕ್ಕ ಎತ್ತಿಟ್ಟ ಚೂರುಗಳು

ನಮ್ಮ ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಆಕೆಯನ್ನು ಎಲ್ಲರೂ ಕರೆಯುವುದು ಬ್ಲೇಡಕ್ಕ ಎಂದೇ. ರೋಗಿಗಳಿಂದ ತೆಗೆದ ಮಾಂಸದ ಚೂರನ್ನು ಮೇಣದಲ್ಲಿ ಅಚ್ಚು ಹಾಕಿ, ಕೂದಲಿಗಿಂತ ತೆಳ್ಳಗೆ ಸೀಳಿ, ಗಾಜಿನ ಮೇಲೆ ಕೂರಿಸುವುದು ಅವರ ಕೆಲಸ. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕಾಯಿಲೆ ಯಾವುದೆಂದು ಹೇಳುವುದು ನನ್ನದು. ಹೆಸರು ನನಗೆ, ಬೆನ್ನುನೋವು ಅವರಿಗೆ.

ಅಚ್ಚಿನ ಮೇಲ್ಪದರದ ಮೊದಲ ಸೀಳುಗಳನ್ನು ಉಳಿದವರು ಒರೆಸಿ ಬುಟ್ಟಿಗೆ ಹಾಕುತ್ತಾರೆ. ಬ್ಲೇಡಕ್ಕ ಅವನ್ನೂ ಗಾಜಿಗೆ ಹತ್ತಿಸಿ ಡ್ರಾಯರಿನಲ್ಲಿ ಎತ್ತಿಡುತ್ತಾರೆ. "ಇದೇನು ಗುಜರಿ ಅಂಗಡೀನಾ?" ಎಂದು ನಾನೇ ಎಷ್ಟೋ ಸಲ ರೇಗಿಸಿದ್ದೇನೆ.

"ಇರ್ಲಿ ಬಿಡಿ ಮೇಡಂ, ಅದೇನು ಅನ್ನ ಕೇಳುತ್ತಾ?"

ಆ ಮಂಗಳವಾರ ಬಂದದ್ದು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವವನೊಬ್ಬನ ಥೈರಾಯ್ಡ್ ಗ್ರಂಥಿಯ ಚೂರು. ಮೂರೇ ವಾರದಲ್ಲಿ ಅವನ ಕತ್ತು ಊದಿಕೊಂಡಿತ್ತು. ಥೈರಾಯ್ಡ್ ಕ್ಯಾನ್ಸರೇ ಎಂದು ಸರ್ಜನ್ ಗುರುವಾರಕ್ಕೆ ಆಪರೇಷನ್ ಇಟ್ಟಾಗಿತ್ತು. ಗ್ರಂಥಿಯ ಜೊತೆ ಧ್ವನಿಪೆಟ್ಟಿಗೆಯೂ ಹೋಗಬಹುದು. ನನ್ನ ಸಹಿಯೊಂದು ಬಾಕಿ. ಸ್ಲೈಡಿನ ತುಂಬ ನಜ್ಜುಗುಜ್ಜಾದ ಕೋಶಗಳು. ಚೂರು ತೆಗೆಯುವಾಗ ಹಾಳಾಗಿದೆ, ಥೈರಾಯ್ಡ್ ಕ್ಯಾನ್ಸರಲ್ಲದೆ ಇನ್ನೇನಿರುತ್ತೆ ಎಂಬ ಜಂಬದಲ್ಲಿ ಪೆನ್ನು ತೆಗೆದೆ.

"ಮೇಡಂ, ಒಂದ್ನಿಮಿಷ," ಎಂದರು ಬ್ಲೇಡಕ್ಕ. "ಇದು ಥೈರಾಯ್ಡ್ ಕೊಯ್ದ ಹಾಗಿರ್ಲಿಲ್ಲ. ಬ್ಲೇಡಿಗೆ ಮೆತ್ತಗೆ ಸಿಕ್ತು. ಲಿಂಫ್ ಗಂಟು ಕೊಯ್ದ ಹಾಗೇ ಇತ್ತು."

ಪೆನ್ನು ಕೆಳಗಿಟ್ಟೆ. ಲಿಂಫೋಮಾ! ಕತ್ತು, ಕಂಕುಳಿನ ಲಿಂಫ್ ಗಂಟುಗಳಲ್ಲಿ ಮನೆ ಮಾಡುವ ಈ ಕ್ಯಾನ್ಸರು ಅಪರೂಪಕ್ಕೆ ಥೈರಾಯ್ಡಿಗೂ ಬಂದು ಕೂರುತ್ತದೆ. ಅದರ ಕೋಶಗಳು ಬಲು ಮೆದು, ಇಕ್ಕಳ ಮುಟ್ಟಿದರೆ ಸಾಕು ಜಜ್ಜಿಹೋಗುತ್ತವೆ. ನಾನು ಹಾಳಾದ ಚೂರು ಎಂದುಕೊಂಡದ್ದೇ ಕಾಯಿಲೆಯ ಗುರುತಾಗಿರಬಹುದು! ಹಾಗಾದರೆ ಕೊಯ್ಯುವುದೇ ಬೇಡ, ಔಷಧಿಗೇ ಕರಗುತ್ತದೆ. ಆದರೆ ಖಚಿತಪಡಿಸಲು ಇನ್ನಷ್ಟು ಸೀಳುಗಳಿಗೆ ವಿಶೇಷ ಬಣ್ಣಗಳನ್ನು ಹಾಕಬೇಕು. ಅಚ್ಚಿನಲ್ಲಿ ಮೇಣ ಬಿಟ್ಟರೆ ಏನೂ ಉಳಿದಿರಲಿಲ್ಲ.

ಬ್ಲೇಡಕ್ಕ ಡ್ರಾಯರು ಎಳೆದರು. ಅದೇ ಅಚ್ಚಿನ ಏಳು ಗಾಜು! ಅಪ್ಪಿಕೊಳ್ಳಬೇಕೆನಿಸಿತು, ನಾಚಿಕೆಯೂ ಆಯಿತು.

ಬಣ್ಣ ಹಿಡಿಯಲು ನಾಲ್ಕು ತಾಸು. ಇಬ್ಬರೂ ಊಟಕ್ಕೆ ಏಳಲಿಲ್ಲ. ಕೊನೆಗೆ ಕಣ್ಣಿಟ್ಟೆ. ಥೈರಾಯ್ಡ್ ಕೋಶಗಳನ್ನು ತೋರಿಸುವ ಬಣ್ಣ ಹಾಕಿದ ಗಾಜು ಹೆಚ್ಚುಕಡಿಮೆ ಖಾಲಿ. ಲಿಂಫ್ ಕೋಶಗಳನ್ನು ತೋರಿಸುವ ಗಾಜಿನಲ್ಲಿ ಈ ಅಂಚಿನಿಂದ ಆ ಅಂಚಿನವರೆಗೆ ಕಂದು, ಬರೀ ಕಂದು!

"ಬಣ್ಣ ಹತ್ತಿದೆ ರೀ, ಹತ್ತಿದೆ!" ಎಂದು ಕೂಗಿದ್ದು ನಾನೇ. ಕುರ್ಚಿ ಉರುಳಿಬಿತ್ತು. ಸರ್ಜನ್‌ಗೆ ಫೋನು ಹಚ್ಚಿ, "ಆಪರೇಷನ್ ನಿಲ್ಲಿಸಿ ಸಾರ್, ಇದು ಲಿಂಫೋಮಾ!" ಎಂದಾಗ ಬ್ಲೇಡಕ್ಕ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು.

ಮೂರು ತಿಂಗಳ ನಂತರ ತಲೆಗೂದಲು ಉದುರಿದ ಮನುಷ್ಯನೊಬ್ಬ ನೆಲಮಾಳಿಗೆಗೆ ಇಳಿದು ಬಂದ. ಕತ್ತಿನ ಊತ ಇಳಿದಿತ್ತು.

"ನನ್ನ ಕಾಯಿಲೆ ಸರಿಯಾಗಿ ಹಿಡಿದೋರು ಯಾರು?"

ನಾನು ಬ್ಲೇಡಕ್ಕನ ಕಡೆ ಕೈ ತೋರಿಸಿದೆ. ಆತ ಕೈಮುಗಿದ. "ಅಕ್ಕಾ, ಸ್ವಲ್ಪ ಕಿವಿ ಮುಚ್ಕೊಳ್ಳಿ," ಎಂದವನೇ ಎದೆ ತುಂಬ ಉಸಿರೆಳೆದು ಕೂಗಿದ: "ಟೊಮ್ಯಾಟೋ ಹತ್ತು ಬುಟ್ಟಿ! ಒಂದನೇ ಸಲಾ! ಎರಡನೇ ಸಲಾ!"

ಬ್ಲೇಡಕ್ಕ ಕಿವಿ ಮುಚ್ಚಲಿಲ್ಲ. ಆತ ಹೋದ ಮೇಲೂ ಬಾಗಿಲ ಕಡೆಯೇ ನೋಡುತ್ತ ನಿಂತಿದ್ದರು.

"ಮೂವತ್ತು ವರ್ಷದಿಂದ ಇವರನ್ನೆಲ್ಲ ಚೂರಲ್ಲೇ ನೋಡಿದ್ದು ಮೇಡಂ," ಎಂದರು. "ಒಬ್ಬರ ದನಿ ಕೇಳಿದ್ದು ಇದೇ ಮೊದಲು."