ಗೂಡು ಗಟ್ಟಿಯಾಗುವ ತನಕ

ನಿನ್ನೆ, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಒಂದು ರೇಷ್ಮೆಗೂಡು ಬಿಡಿಸಿ ಕಿವಿಯ ಹತ್ತಿರ ಅಲುಗಿಸಿದೆ. ಒಳಗಿನ ಹುಳ ಟಕಟಕ ಎಂದಿತು, ಗೂಡು ಬಲಿತಿತ್ತು. ಆ ಸದ್ದಿಗೇ ಡಾಕ್ಟ್ರಮ್ಮ ಎದುರಿಗೆ ಬಂದು ಕೂತಂತಾಯಿತು...

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರು ಕಾಯಿಲೆಯವರನ್ನು ನೋಡುವ ಶಾಪಿತ್ತು. ತಲೆ ಪೂರಾ ಬೆಳ್ಳಗೆ, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ.

ಮೊಮ್ಮಗಳು ಹನೂರಿನ ಶಾಲೆಯಲ್ಲಿ ಕಬಡ್ಡಿ ಆಡುವಾಗ ಯಾರದೋ ಮಂಡಿ ಅವಳ ತೊಡೆಗೆ ಬಡಿದಿತ್ತು. ನಮ್ಮ ಕಡೆ ಎಂಥ ಊತಕ್ಕೂ ಒಂದೇ ಮದ್ದು, ಬಿಸಿ ಹರಳೆಣ್ಣೆ ಹಾಕಿ ನೀವುವುದು. ಬೆಳಿಗ್ಗೆ ನಾನು, ಸಂಜೆ ಪಕ್ಕದ ಮನೆಯವಳು. ಕೂಸು ಕಿರುಚಿದಷ್ಟೂ ಒತ್ತಿ ನೀವಿದೆವು. ಊತ ಇಳಿದರೂ ಒಳಗೊಂದು ಗಂಟು ಉಳಿಯಿತು. ಬರಬರುತ್ತಾ ಅದು ಕಲ್ಲಾಯಿತು, ಮಂಡಿ ಮಡಿಸಲಾಗದೆ ಹೋಯಿತು.

ಮಗ ಅವಳನ್ನು ದೊಡ್ಡೂರಿನ ಆಸ್ಪತ್ರೆಗೆ ಕರೆದೊಯ್ದ. ಮಾಂಸದೊಳಗೆ ಮೂಳೆ ಬೆಳೀತಿದೆ, ಕ್ಯಾನ್ಸರ್ ಇರಬಹುದು, ಹಾಗಿದ್ದರೆ ಕಾಲು ಉಳಿಯುವುದು ಕಷ್ಟ ಎಂದರಂತೆ. ಬಂದವನು ಜಗುಲಿಯಲ್ಲಿ ಕೂತ, ಏಳಲಿಲ್ಲ. ಸೊಪ್ಪು ಹಾಕುವವರಿಲ್ಲದೆ ಮನೆಯ ರೇಷ್ಮೆ ಹುಳಗಳು ತಲೆ ಎತ್ತಿ ಹುಡುಕುತ್ತಿದ್ದವು...

ಮೊಮ್ಮಗಳು ನನ್ನ ತೊಡೆ ಮೇಲೆ ಮಲಗಿ ಕೇಳಿದಳು: "ಅಜ್ಜಿ, ಕಾಲ್ ತಗುದ್ರೆ ಒಂದ್ ಗೆಜ್ಜೆ ಮಿಕ್ಕೋಯ್ತದಲ್ಲಾ, ನೀನಿಕ್ಕತೀಯಾ?"

ಮಾರನೆಯ ದಿನವೇ ಡಾಕ್ಟ್ರಮ್ಮನ ಹತ್ತಿರ ಓಡಿದೆವು. ಪೆಟ್ಟು ಬಿದ್ದದ್ದು, ನೀವಿದ್ದು, ಎಲ್ಲ ಹೇಳಿದೆ.

"ಅಯ್ಯೋ ಅಜ್ಜಿ, ಮಗೀನ ತೊಡೆ ಏನು ರುಬ್ಬೋ ಗುಂಡಾ? ಇನ್ನು ಎಣ್ಣೆ ಕೈ ಇಟ್ಟೀಯೆ, ಜೋಕೆ!"

ದೊಡ್ಡೂರಲ್ಲಿ ತೆಗೆದ ಎಕ್ಸ್‌ರೇ ಫಿಲ್ಮನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಪೆಟ್ಟು ಬಿದ್ದ ಮಾಂಸ ತಾನೇ ಮೂಳೆ ಕಟ್ಟುವುದುಂಟು, ಅಪರೂಪ, ಅದು ಕೆಟ್ಟದ್ದಲ್ಲ. ಆದರೆ ಎಳೆಯದಾಗಿರುವಾಗ ಇದೂ ಕ್ಯಾನ್ಸರೂ ಒಂದೇ ಥರ ಕಾಣುತ್ತವೆ ಎಂದರು.

"ಈಗ್ಲೇ ಕುಯ್ದು ನೋಡ್ಬುಡಿ ಅಮ್ಮಾ," ಮಗ ಕೈ ಮುಗಿದ.

ಅವರು ನನ್ನ ಕಡೆ ತಿರುಗಿದರು. "ಹುಳ ಗೂಡು ಕಟ್ಟಿದ ಮಾರನೇ ದಿನವೇ ಬಿಡಿಸ್ತೀಯಾ ಅಜ್ಜಿ?"

"ಬುಡ್ತು ಅನ್ನಿ! ಎಳೇ ಹುಳ ಒಳಗೇ ನಜ್ಜಿ ಗೂಡೆಲ್ಲಾ ಕಲೆಯಾಯ್ತದೆ."

"ಇದೂ ಹಂಗೇ. ಒಳ್ಳೇದಾದ್ರೆ ಗೂಡಿನಂಗೆ ಸುತ್ತ ಗಟ್ಟಿ ಆಗ್ತದೆ, ಒಳಗೆ ಮೆತ್ತಗಿರ್ತದೆ. ಕೆಟ್ಟದ್ದಕ್ಕೆ ಇಂಥ ಚಿಪ್ಪು ಕಟ್ಟೋಕೆ ಬರಲ್ಲ. ಎಳೇದ್ರಲ್ಲಿ ತುಣುಕು ತೆಗೆದ್ರೆ ನೋಡೋರೂ ಏಮಾರಬೋದು. ಕೆಲವು ವಾರ ಬಿಟ್ಟು ಸ್ಕ್ಯಾನ್ ಮಾಡ್ಸೋಣ." ತಮಗೆ ಗೊತ್ತಿದ್ದ ಮೂಳೆ ಡಾಕ್ಟರೊಬ್ಬರನ್ನೂ ಫೋನಿನಲ್ಲಿ ಕೇಳಿದರು. ಅವರೂ ಕಾಯಿರಿ ಎಂದರು.

ಕಾಯುವುದೆಂದರೆ... ಎಣ್ಣೆ ಕುಡಿಕೆ ಅಟ್ಟಕ್ಕೇರಿತು, ಕೈ ಮಾತ್ರ ತಾನಾಗಿ ಗಂಟಿನ ಕಡೆಗೇ ಹೋಗುತ್ತಿತ್ತು. "ಕಾಯ್ತಾ ಕಾಯ್ತಾ ಕೂಸ್ನೇ ಕಳ್ಕತೀವೇನವ್ವಾ?" ಎಂದು ಮಗ ಗೋಡೆಗೆ ಹಣೆ ಕೊಟ್ಟು ಅತ್ತ. ನಾನು ಬಿಳಿಗಿರಿ ಬೆಟ್ಟದ ದಿಕ್ಕಿಗೆ ತಿರುಗಿ, ಬೇಕಾದರೆ ನನ್ನ ಕಾಲು ತಗೋ ರಂಗಪ್ಪ ಎಂದೆ. ಸೊಪ್ಪು ಕತ್ತರಿಸುವ ಮಚ್ಚು ಕಂಡರೂ ಎದೆ ಝಲ್ಲೆನ್ನುತ್ತಿತ್ತು.

ಸ್ಕ್ಯಾನಿನ ಫಿಲ್ಮ್ ನೋಡಿ ಡಾಕ್ಟ್ರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಗಂಟಿನ ಸುತ್ತ ಬೆಳ್ಳನೆ ಚಿಪ್ಪು. "ನಿನ್ನ ಗೂಡೇ ಕಣಜ್ಜಿ!" ಎಂದರು. ಮೂಳೆ ಡಾಕ್ಟರೂ ನೋಡಿ, ಕ್ಯಾನ್ಸರಲ್ಲ ಎಂದರು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಡಾಕ್ಟ್ರಮ್ಮ ಮೊಮ್ಮಗಳ ಗಲ್ಲ ಹಿಡಿದು, "ಒಂದಿನ ಓಡ್ಕಂಡು ಬಂದು ತೋರಿಸ್ಬೇಕು" ಎಂದರು.

ಗಂಟು ನಿಧಾನವಾಗಿ ಕುಗ್ಗಿತು, ಮಂಡಿ ಮಡಿಸಲು ಬಂತು. ತೋರಿಸಲು ಹೋದರೆ ಓಣಿಯಲ್ಲಿ ಶಾಪಿನ ಬಾಗಿಲಿಗೆ ಬೀಗ. ಡಾಕ್ಟ್ರಮ್ಮ ತೀರಿಕೊಂಡರು ಎಂದರು ಎದುರಂಗಡಿಯವರು. ಮೊಮ್ಮಗಳು ಓಣಿಯ ತುದಿಗೆ ನಡೆದು, ಅಲ್ಲಿಂದ ಒಂದೇ ಉಸಿರಿಗೆ ಓಡಿ ಬಂದು, ಕಬಡ್ಡಿ ಗೆರೆ ಮುಟ್ಟುವ ಹಾಗೆ ಆ ಬೀಗ ಮುಟ್ಟಿದಳು.

ನಿನ್ನೆ ಅವಳು ಚಂದ್ರಿಕೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಎರಡೂ ಗೆಜ್ಜೆ ಝಲ್ಲೆನಿಸುತ್ತಾ, "ಬುಡಿಸ್ಲಾ ಅಜ್ಜಿ?" ಎಂದಳು. ಸಂತೋಷ ನನ್ನ ಎದೆಯಲ್ಲಿ ಹಿಡಿಸಲಿಲ್ಲ. "ಬುಡ್ಸು ಕೂಸೇ, ಗಟ್ಟಿ ಆಗ್ಯದೆ" ಎಂದೆ. ಆ ಗೆಜ್ಜೆ ಸದ್ದು ಕೇಳಬೇಕಾಗಿದ್ದವರು ಇಲ್ಲ.