ಆರನೇ ಮಹಡಿಗೆ ಧಣಿಯ ಸವಾರಿ

ಇಪ್ಪತ್ತೆರಡು ವರ್ಷ ಲಿಫ್ಟ್ ರಿಪೇರಿ ಮಾಡಿದವನನ್ನು ಊರೆಲ್ಲ ಲಿಫ್ಟಣ್ಣ ಎಂದೇ ಕರೆಯುತ್ತಿತ್ತು. ನಲವತ್ತೇಳನೇ ವಯಸ್ಸಿನಲ್ಲಿ ಹೊರದೇಶದ ಕಂಪನಿಯೊಂದು ಅವನನ್ನು ಕೆಲಸಕ್ಕೆ ಕರೆಯಿತು. ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ, ನಾಯಿಯಿತ್ತು. ಹತ್ತು ವರ್ಷದ ಹಿಂದೆ ಲಿಫ್ಟಿನ ಕೆಳಗಿನ ಹಳ್ಳದಲ್ಲಿ ಬಿದ್ದು ಕುಂಯ್‌ಗುಡುತ್ತಿದ್ದ ಮರಿಯನ್ನು ಎತ್ತಿ ತಂದಿದ್ದ. ಅದು ವಾರದೊಳಗೆ ಸೋಫಾ, ಹಾಸಿಗೆ, ಯಜಮಾನ, ಮೂರನ್ನೂ ಸ್ವಾಧೀನಪಡಿಸಿಕೊಂಡಿದ್ದರಿಂದ ಹೆಸರು ಧಣಿ ಎಂದಾಯಿತು.

"ನಾಯೀನ ನಮ್ಮನೇಲಿ ಬಿಟ್ಟೋಗೋ" ಎಂದಿದ್ದಳು ತಂಗಿ.

"ಬಿಡ್ತೀನಿ. ನಿನ್ ಗಂಡನ್ನ ಎಲ್ಲಿಡ್ತೀಯ?"

ಧಣಿಗೆ ಚುಚ್ಚುಮದ್ದು, ರಕ್ತಪರೀಕ್ಷೆ, ಹದಿಮೂರು ಮೊಹರು ಎಲ್ಲ ಆದವು. ಪರದೇಶದ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ನಾಯಿಯ ಕಾಗದ ನೋಡಿ ತಲೆದೂಗಿದ, ಲಿಫ್ಟಣ್ಣನ ಕಾಗದ ನೋಡಿ ಹುಬ್ಬು ಗಂಟಿಕ್ಕಿದ. ನಾಯಿ ಎರಡು ನಿಮಿಷದಲ್ಲಿ ದೇಶದೊಳಗೆ ಬಂತು. ಯಜಮಾನನಿಗೆ ಒಂದೂವರೆ ಗಂಟೆ ಹಿಡಿಯಿತು.

ಬಾಡಿಗೆ ಮನೆ ಆರನೇ ಮಹಡಿಯಲ್ಲಿತ್ತು. ಲಿಫ್ಟಿನ ಬಾಗಿಲು ಅರ್ಧ ತೆರೆದು ನಿಂತಿತ್ತು, ಪಕ್ಕದಲ್ಲಿ ಒಂದು ಚೀಟಿ ಅಂಟಿಸಿದ್ದರು. ಲಿಫ್ಟಣ್ಣ ಆ ದೇಶದ ಭಾಷೆಯನ್ನು ಎಂಟು ತಿಂಗಳು ಕಲಿತಿದ್ದ. ಪುಸ್ತಕದ ದಯೆಯಿಂದ ರೈಲ್ವೆ ನಿಲ್ದಾಣ ಎಲ್ಲಿದೆ ಎಂದು ಕೇಳಲು ಬರುತ್ತಿತ್ತು, ಉತ್ತರ ಅರ್ಥವಾಗುತ್ತಿರಲಿಲ್ಲ. ಹಾಗಾಗಿ ಆ ದಿನದ ಮಾತೆಲ್ಲ ಫೋನಿನ ಅನುವಾದದಲ್ಲೇ ನಡೆಯಿತು.

"ಲಿಫ್ಟ್ ಕೆಟ್ಟು ಹನ್ನೊಂದು ದಿನ ಆಯ್ತು" ಎಂದ ಕಟ್ಟಡದ ಮೇಲ್ವಿಚಾರಕ, ಸೊಂಟದ ಬೀಗದ ಕೈ ಗೊಂಚಲನ್ನು ಕುಣಿಸುತ್ತ. "ಬಾಗಿಲು ಮುಚ್ಚಲ್ಲ. ಪಾರ್ಟು ಹೊರದೇಶದಿಂದ ಬರ್ಬೇಕು."

"ನಾನೂ ಹೊರದೇಶದಿಂದಾನೇ ಬಂದಿದೀನಿ, ಲಿಫ್ಟ್ ಮೆಕ್ಯಾನಿಕ್ಕು. ಒಂದ್ಸಲ ನೋಡ್ಲಾ?"

"ಗುರುತಿನ ಚೀಟಿ ಇದ್ಯಾ?"

"ಸೋಮವಾರ ಕೊಡ್ತಾರೆ."

"ಹಾಗಾದ್ರೆ ಸೋಮವಾರ ನೋಡಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಧಣಿ ಮೊದಲ ಮೆಟ್ಟಿಲನ್ನು ಮೂಸಿ ನೋಡಿತು, ತನ್ನ ಅಂತಸ್ತಿಗೆ ತಕ್ಕದ್ದಲ್ಲವೆಂದು ತೀರ್ಮಾನಿಸಿ ಮಲಗಿಬಿಟ್ಟಿತು. ಇಪ್ಪತ್ತೆಂಟು ಕಿಲೋ ಧಣಿಯನ್ನು ಹೆಗಲ ಮೇಲೆ ಹೊತ್ತು, ಜೀವಮಾನವೆಲ್ಲ ಊರವರಿಗೆ ಮೆಟ್ಟಿಲು ತಪ್ಪಿಸಿದ ಮನುಷ್ಯ ಮೆಟ್ಟಿಲು ಹತ್ತತೊಡಗಿದ.

ನಾಲ್ಕನೇ ಮಹಡಿಯಲ್ಲಿ ಉಸಿರು ಕಟ್ಟಿ, ನಾಯಿಯನ್ನಿಳಿಸಿ ಕುಸಿದು ಕುಳಿತ. ಎದುರಿನ ಬಾಗಿಲು ತೆರೆಯಿತು. ಊರುಗೋಲು ಹಿಡಿದ ಅಜ್ಜಿಯೊಬ್ಬರು ಇಬ್ಬರನ್ನೂ ನೋಡಿ ಒಳಗೆ ಹೋಗಿ ನೀರು ತಂದರು. ಮೊದಲು ನಾಯಿಗೆ, ಉಳಿದದ್ದು ಮನುಷ್ಯನಿಗೆ.

"ಹನ್ನೊಂದು ದಿನದಿಂದ ಕೆಳಗಿಳಿದಿಲ್ಲಪ್ಪ" ಎಂದರು. "ಕೆಳಗಡೆ ಬೆಂಚ್ ಮೇಲೆ ನನ್ ಗೆಳತಿ ದಿನಾ ನಾಲ್ಕು ಗಂಟೆಗೆ ಬಂದು ಕೂರ್ತಾಳೆ. ನಾನು ಕಿಟಕಿಯಿಂದ ಕೈ ಬೀಸ್ತೀನಿ. ಅವಳಿಗೆ ಕಣ್ಣು ಕಾಣ್ಸಲ್ಲ."

ಲಿಫ್ಟಣ್ಣ ಅವರ ಕಿಟಕಿಯತ್ತ ಒಮ್ಮೆ ನೋಡಿದ. ಖಾಲಿ ಲೋಟ ಕೊಟ್ಟು, ನಾಯಿ ಹೊತ್ತು ಮೇಲೆ ಹೋದ. ಮನೆಯ ಬೀಗ ತೆಗೆದು, ಕಿಟಕಿಯೊಂದನ್ನು ತೆರೆದನೋ ಇಲ್ಲವೋ, ಧಣಿ ಬಾಗಿಲ ಬಳಿ ನಿಂತು ಅವನನ್ನೇ ದಿಟ್ಟಿಸಿತು. ಆ ನೋಟದ ಅರ್ಥ ಹೇಳಲು ಫೋನು ಬೇಕಿರಲಿಲ್ಲ. ಮತ್ತೆ ಹೆಗಲು, ಮತ್ತೆ ಆರು ಮಹಡಿ.

ಬೀದಿಯ ಮರದ ಬುಡದಲ್ಲಿ ಧಣಿಯ ಕೆಲಸ ಮುಗಿಸಿಕೊಂಡು ಮರಳುವಾಗ ಅವನಿಗೆ ತಡೆಯಲಾಗಲಿಲ್ಲ. ಲಿಫ್ಟಿನ ಮುಂದೆ ಮಂಡಿಯೂರಿದ. ಬಾಗಿಲು ಜಾರುವ ಹೊಸ್ತಿಲ ಸೀಳಿನೊಳಗೆ ಏನೋ ಕಪ್ಪಗೆ ಕಂಡಿತು. ಲಿಫ್ಟ್ ಮುಟ್ಟಬಾರದು, ಸರಿ. ಕಸ ತೆಗೆಯಬಾರದೆಂದು ಯಾರೂ ಹೇಳಿರಲಿಲ್ಲವಲ್ಲ. ನಾಯಿಯ ಬೆಲ್ಟಿನ ಕೊಕ್ಕೆಯಿಂದ ಕೆದಕಿದಾಗ ಬಂದದ್ದು ಒಂದು ಕೋಟಿನ ಗುಂಡಿ. ಬಾಗಿಲು ನೆಟ್ಟಗೆ ಮುಚ್ಚಿಕೊಂಡಿತು. ಮೂರು ಸಲ ತೆರೆದು ಮುಚ್ಚಿ ನೋಡಿ, ಖಾಲಿ ಲಿಫ್ಟನ್ನು ಮೇಲೆ ಕಳಿಸಿ ಕೆಳಗೆ ಕರೆಸಿಕೊಂಡ.

ಸದ್ದು ಕೇಳಿ ಮೇಲ್ವಿಚಾರಕ ಓಡಿಬಂದ. "ಪಾರ್ಟೇ ಬಂದಿಲ್ಲ, ಹೇಗ್ರೀ ಓಡ್ತು?"

"ಬಂತಲ್ಲ, ತಗೊಳ್ಳಿ" ಎಂದು ಗುಂಡಿಯನ್ನು ಅವನ ಅಂಗೈಯಲ್ಲಿಟ್ಟ.

ಮೇಲ್ವಿಚಾರಕ ಗುಂಡಿ ನೋಡಿದ. ತನ್ನ ಕೋಟು ನೋಡಿಕೊಂಡ. ಮೇಲಿಂದ ಮೂರನೆಯದರ ಜಾಗದಲ್ಲಿ ದಾರ ಮಾತ್ರ ನೇತಾಡುತ್ತಿತ್ತು. ಗುಂಡಿಯನ್ನು ಜೇಬಿಗಿಳಿಸಿ ಒಳಗೆ ಹೋದ.

ನಾಲ್ಕು ಗಂಟೆಗೆ ಲಿಫ್ಟಣ್ಣ ಅಜ್ಜಿಯನ್ನು ಕೆಳಗೆ ಕರೆತಂದ. ಬೆಂಚಿನ ಮೇಲಿದ್ದ ಗೆಳತಿ ಊರುಗೋಲಿನ ಸದ್ದಿಗೇ ತಿರುಗಿ, "ಎಲ್ಲೇ ಹಾಳಾಗಿ ಹೋಗಿದ್ದೆ ಇಷ್ಟು ದಿನ?" ಎಂದು ಬೈದರು.

"ದಿನಾ ಕೈ ಬೀಸ್ತಿದ್ನಲ್ಲೇ!"

"ಯಾರಿಗೆ?"

ಇಬ್ಬರೂ ಕೈ ಕೈ ಹಿಡಿದುಕೊಂಡು ಒಂದು ಗಂಟೆ ಜಗಳವಾಡಿದರು. ಧಣಿ ಅವರ ಕಾಲ ಬಳಿ ನಿದ್ದೆ ಹೊಡೆಯಿತು.

ಮರಳಿ ಬಂದಾಗ ಲಿಫ್ಟಿನ ಮೇಲೆ ಹೊಸ ಚೀಟಿ ಬಿದ್ದಿತ್ತು. ಗೋಂದು ಇನ್ನೂ ಹಸಿಯಾಗಿತ್ತು. ಫೋನು ಓದಿ ಹೇಳಿತು: ನಾಯಿಗಳಿಗೆ ಪ್ರವೇಶವಿಲ್ಲ. ಹನ್ನೊಂದು ದಿನದಲ್ಲಿ ಆಗದ ಕೆಲಸವನ್ನು ಮೇಲ್ವಿಚಾರಕ ಹತ್ತೇ ನಿಮಿಷದಲ್ಲಿ ಮುಗಿಸಿದ್ದ.

ಲಿಫ್ಟಣ್ಣ ನಿಟ್ಟುಸಿರು ಬಿಟ್ಟು ಧಣಿಯನ್ನೆತ್ತಲು ಬಗ್ಗಿದ. ಅಜ್ಜಿ ಕನ್ನಡಕವೇರಿಸಿ ಚೀಟಿ ಓದಿದರು, ಮೆಲ್ಲಗೆ ಕಿತ್ತು ಕೈಚೀಲಕ್ಕೆ ಹಾಕಿಕೊಂಡರು.

"ನಲವತ್ತು ವರ್ಷ ಟೀಚರಾಗಿದ್ದೋಳು ನಾನು. ಇದ್ರಲ್ಲಿ ಎರಡು ಕಾಗುಣಿತ ತಪ್ಪಿದೆ. ತಿದ್ದಿ ಕೊಡೋಕೆ ಒಂದು ವರ್ಷ ಹಿಡಿಯುತ್ತೆ ಅಂತ ಅವನಿಗೆ ಹೇಳು."

ಮೂವರೂ ಲಿಫ್ಟು ಹತ್ತಿದರು. ಧಣಿ ನಡುವೆ ಉದ್ದಕ್ಕೂ ಮಲಗಿತು. ಮನುಷ್ಯರಿಬ್ಬರೂ ಗೋಡೆಗೆ ಅಂಟಿಕೊಂಡು ನಿಂತರು.