ಇದ್ದಾರಾ, ಇಲ್ಲವಾ: ಲ್ಯಾಬಕ್ಕನ ಹದಿನೈದು ಬೆಳಗು

ಬೆಳಗಿನ ಐದೂವರೆ. ಶಾಲೆಯ ಎರಡನೇ ಮಹಡಿಯ ಕಂಪ್ಯೂಟರ್ ಕೋಣೆಯಲ್ಲಿ ಫ್ಯಾನ್ ನಿಲ್ಲಿಸಿದೆ. ಕಿಟಕಿಗಳೆಲ್ಲ ಮುಚ್ಚಿವೆ. ಬಾಗಿಲ ಕೆಳಗಿನ ಸಂದಿಗೆ ಹಳೆಯ ಗೋಣಿಚೀಲ ತುರುಕಿದೆ. ಸೆಕೆಗೆ ನನ್ನ ಬೆನ್ನು ಆಗಲೇ ಒದ್ದೆಯಾಗಿದೆ. ಪತ್ರಿಕೆಗೆ ಬರೆಯಲು ಬಂದಿರುವ ನಾನು ‘ಇಷ್ಟೊಂದು ಬಂದೋಬಸ್ತು ಯಾಕೆ’ ಎಂದು ಕೇಳಲು ಬಾಯಿ ತೆರೆಯುತ್ತೇನೆ. ಎದುರಿಗೆ ಕೂತ ಹೆಂಗಸು ತುಟಿಯ ಮೇಲೆ ಬೆರಳಿಟ್ಟು ಕಣ್ಣಲ್ಲೇ ಗದರಿಸುತ್ತಾರೆ.

ಅವರ ಬಲಗೈಯಲ್ಲಿ ಒಂದು ಫೋನು. ಅದನ್ನು ಕಂಪ್ಯೂಟರಿನ ಸ್ಪೀಕರಿಗೆ ತೀರ ಹತ್ತಿರ ಹಿಡಿದು, ಉಸಿರನ್ನೂ ಜೋಪಾನವಾಗಿ ಬಿಡುತ್ತಾ ಕೂತಿದ್ದಾರೆ. ಸ್ಪೀಕರಿನಿಂದ ಮುದುಕರೊಬ್ಬರ ದನಿ ಬರುತ್ತಿದೆ. ನಲವತ್ತು ವರ್ಷ ರಸ್ತೆಗಳಿಗೆ ಬಿಳಿ ಪಟ್ಟೆ ಬಳಿದವರಂತೆ. ಮಾತಿನ ಮಧ್ಯೆ ಜೋರಾಗಿ ಕೆಮ್ಮುತ್ತಾರೆ. “ನೀರು ತರ್ಲಾ ತಾತ?” ಎಂದು ಒಂದು ಎಳೆಯ ದನಿ ಕೇಳುತ್ತದೆ. “ಬೇಡ, ನೀನು ಬರ್ಕೋ” ಎನ್ನುತ್ತಾರೆ. ಹೀಗೇ ಏಳು ನಿಮಿಷ. ದನಿ ನಿಂತ ಮೇಲೆ ಈಕೆ ಫೋನಿನ ಗುಂಡಿ ಒತ್ತಿ, ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆದು, ನನ್ನತ್ತ ತಿರುಗುತ್ತಾರೆ.

“ಈಗ ಮಾತಾಡಿ ಮೇಡಮ್. ಒಂದು ನಿಮಿಷ ಇದೆ. ಮುಂದಿನೋರು ಲೋಡ್ ಆಗ್ತಾ ಇದ್ದಾರೆ.”

ಶಾಲೆಯಲ್ಲಿ ಎಲ್ಲರಿಗೂ ಇವರು ಲ್ಯಾಬಕ್ಕ. ಹಾಜರಿ ಪುಸ್ತಕದಲ್ಲಿ ‘ಸಹಾಯಕಿ, ತಾತ್ಕಾಲಿಕ’ ಎಂದಿದೆ. ಆ ತಾತ್ಕಾಲಿಕಕ್ಕೆ ಈಗ ಹತ್ತೊಂಬತ್ತು ವರ್ಷ. ಸೇರಿದ್ದು ಕಸ ಗುಡಿಸುವ ಕೆಲಸಕ್ಕೆ. ಆಗಷ್ಟೇ ಬಂದಿದ್ದ ಕಂಪ್ಯೂಟರುಗಳನ್ನು ಮುಟ್ಟಿದರೆ ಎಲ್ಲಿ ಕೆಟ್ಟುಹೋಗುತ್ತವೋ ಎಂದು ಮೇಷ್ಟ್ರುಗಳೆಲ್ಲ ದೂರ ನಿಂತಿದ್ದರಂತೆ. “ಧೂಳು ಒರೆಸೋಕೆ ಯಾರಾದ್ರೂ ಮುಟ್ಟಲೇಬೇಕಲ್ಲ, ಹಾಗಾಗಿ ನನ್ನ ಒಳಗೆ ಬಿಟ್ರು. ಒರೆಸ್ತಾ ಒರೆಸ್ತಾ ಕಲಿತೆ” ಎನ್ನುತ್ತಾರೆ. ಇವತ್ತು ಇಪ್ಪತ್ತೆರಡು ಯಂತ್ರಗಳಲ್ಲಿ ಹದಿನಾಲ್ಕು ಉಸಿರಾಡುತ್ತಿದ್ದರೆ ಅದು ಇವರ ಪುಣ್ಯ. ಭೂಪಟ ತೋರಿಸುವ ಜಾಲತಾಣ, ರಸಪ್ರಶ್ನೆ ಮಾಡುವ ತಾಣ, ಚಿತ್ರ ಕೂಡಿಸಿ ಕಥೆ ಕಟ್ಟುವ ತಾಣ, ಎಲ್ಲವನ್ನೂ ಇವರೇ ಹುಡುಕಿ, ಮೊದಲು ತಾವು ಆಡಿ ನೋಡಿ, ಆಮೇಲೆ ಮೇಷ್ಟ್ರುಗಳಿಗೆ ಹೇಳಿಕೊಟ್ಟವರು. ಒಂದೇ ಶರತ್ತು, ಬಿಟ್ಟಿ ಸಿಗಬೇಕು. ಈ ಶಾಲೆಗೆ ಅದು ಬಿಟ್ಟರೆ ಬೇರೆ ಗತಿ ಇಲ್ಲ.

ಹನ್ನೊಂದು ವರ್ಷದ ಹಿಂದೆ ಇಲ್ಲಿದ್ದ ಸಮಾಜ ಪಾಠದ ಮೇಷ್ಟ್ರು ಅಂಥದೇ ಒಂದು ಬಿಟ್ಟಿ ತಾಣ ತಂದರು. ಪ್ರತಿ ಮಗುವಿಗೂ ಒಂದು ಪುಟ. ಅದರಲ್ಲಿ ಫೋಟೊ ಅಂಟಿಸಬಹುದು, ಬರೆಯಬಹುದು, ದನಿ ಸೇರಿಸಬಹುದು. ಒಂಬತ್ತನೇ ತರಗತಿಯ ಪ್ರಾಜೆಕ್ಟಿಗೆ ಅವರಿಟ್ಟ ಹೆಸರು ‘ನಮ್ಮನೆಯ ದುಡಿಮೆ’. ಮನೆಯಲ್ಲಿ ದುಡಿಯುವ ಅಥವಾ ದುಡಿದು ದಣಿದ ಒಬ್ಬರ ಮುಂದೆ ಕೂತು ಮೂರು ಪ್ರಶ್ನೆ ಕೇಳಬೇಕು. ಏನು ಕೆಲಸ? ಯಾರಿಂದ ಕಲಿತಿರಿ? ಮೂರನೆಯದು, ನಿಮ್ಮ ಕೆಲಸದಲ್ಲಿ ಬೇರೆ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ಹೇಳಿ.

ಆ ಮೂರನೇ ಪ್ರಶ್ನೆಗೆ ಬಂದ ಉತ್ತರಗಳನ್ನು ಲ್ಯಾಬಕ್ಕ ಪಾಠ ಒಪ್ಪಿಸುವಂತೆ ಹೇಳುತ್ತಾರೆ. ಹೆರಿಗೆ ಆಸ್ಪತ್ರೆಯ ಆಯಾ ಒಬ್ಬಳು, ಹುಟ್ಟಿದ ಕೂಸಿನ ಕಿವಿಯಲ್ಲಿ ತಾಯಿಗಿಂತ ಮೊದಲು ‘ಹೆದರಬೇಡ’ ಎನ್ನುತ್ತಾಳಂತೆ. ಒಬ್ಬ ಬಸ್ ಡ್ರೈವರು, ದಿನಾ ಅದೇ ನಿಲ್ದಾಣದಲ್ಲಿ ಓಡಿಬರುವ ಒಬ್ಬ ಮುದುಕಿಗಾಗಿ ಸುಮ್ಮನೆ ಕನ್ನಡಿ ಸರಿಮಾಡುವ ನಾಟಕ ಆಡುತ್ತಾನಂತೆ. ಮೇಷ್ಟ್ರು ವರ್ಗವಾಗಿ ಹೋದರು. ಪ್ರಾಜೆಕ್ಟು ನಿಲ್ಲಲಿಲ್ಲ. ವರ್ಷಕ್ಕೆ ಮೂವತ್ತು, ನಲವತ್ತರಂತೆ ಕೂಡುತ್ತಾ ಬಂದು ಈಗ ಮುನ್ನೂರ ಎಂಬತ್ತಾರು ದನಿಗಳಿವೆ. ಅಷ್ಟು ಸಣ್ಣ ಮಕ್ಕಳಿಗೆ ತಾಣದವರು ಸ್ವಂತ ಖಾತೆ ಕೊಡುವುದಿಲ್ಲವಾದ್ದರಿಂದ ಎಲ್ಲವೂ ಇರುವುದು ಲ್ಯಾಬಕ್ಕನ ಒಂದೇ ಖಾತೆಯಲ್ಲಿ.

ಎರಡು ತಿಂಗಳ ಹಿಂದೆ ಆ ಖಾತೆಗೆ ಒಂದು ಪತ್ರ ಬಂತು. ಇಷ್ಟು ವರ್ಷ ಜೊತೆಗಿದ್ದುದಕ್ಕೆ ಧನ್ಯವಾದ, ಅರವತ್ತು ದಿನಕ್ಕೆ ತಾಣ ಮುಚ್ಚುತ್ತದೆ, ನಿಮ್ಮ ಪುಟಗಳನ್ನು ಇಳಿಸಿಕೊಳ್ಳಿ.

ಅಷ್ಟೇ ತಾನೆ ಎಂದುಕೊಂಡರು ಲ್ಯಾಬಕ್ಕ. ದಿನಾ ಒಂಬತ್ತೋ ಹತ್ತೋ ಪುಟದಂತೆ ಇಳಿಸತೊಡಗಿದರು. ನಲವತ್ತನೇ ದಿನ ಕೆಲಸ ಮುಗಿಯಿತು. ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ತುಂಬಿ, ಬೀರುವಿನಲ್ಲಿಟ್ಟು ಬೀಗ ಹಾಕಿದರು. “ಅವತ್ತು ಮನೇಲಿ ಪಾಯಸ ಒಂದು ಮಾಡ್ಲಿಲ್ಲ ನೋಡಿ, ಅಷ್ಟು ಬೀಗಿದ್ದೆ” ಎನ್ನುವಾಗ ಅವರ ಮುಖದಲ್ಲಿ ನಗುವಿಲ್ಲ.

ಮರುದಿನ ಮಧ್ಯಾಹ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಫೋನ್ ಬಂತು. ಈಗ ನರ್ಸು. ಅವಳ ಅಜ್ಜಿ ಹಿಂದಿನ ವಾರ ತೀರಿಕೊಂಡಿದ್ದರು. “ಅಕ್ಕ, ಒಂದ್ಸಲ ಅಜ್ಜಿ ದನಿ ಕೇಳಿಸ್ತೀರಾ?” ಅದಕ್ಕೇನು ಎಂದು ಲ್ಯಾಬಕ್ಕ ಪೆನ್‌ಡ್ರೈವ್ ಚುಚ್ಚಿದರು. ಅಜ್ಜಿಯ ಫೋಟೊ ಬಂತು. ಮೊಮ್ಮಗಳ ಬರಹ ಬಂತು. ದನಿ ಇರಬೇಕಾದ ಜಾಗದಲ್ಲಿ ಒಂದು ಬೂದು ಬಣ್ಣದ ತ್ರಿಕೋನವಿತ್ತು. ಒತ್ತಿದರೆ, ತಾಣಕ್ಕೆ ಹೋಗಿ ಕೇಳಿ ಎಂದಿತು. ಅವತ್ತು ನೆಟ್ ಇರಲಿಲ್ಲ. ಇದ್ದಿದ್ದರೆ ದನಿ ಅಲ್ಲಿಂದಲೇ ಬಂದುಬಿಡುತ್ತಿತ್ತು, ಪೆನ್‌ಡ್ರೈವಿನಲ್ಲಿ ಇಲ್ಲ ಎಂದು ಇವತ್ತಿಗೂ ಗೊತ್ತಾಗುತ್ತಿರಲಿಲ್ಲ. ಇನ್ನೊಂದು ಪುಟ ತೆರೆದರು, ಮತ್ತೊಂದು ತೆರೆದರು. ಎಲ್ಲದರಲ್ಲೂ ಅದೇ ತ್ರಿಕೋನ. “ಆ ಕಡೆ ಆ ಹುಡುಗಿ ‘ಅಕ್ಕ, ಅಕ್ಕ’ ಅಂತಿದಾಳೆ. ನಾನು ಫೋನ್ ಇಟ್ಬಿಟ್ಟೆ.”

ಹೊಸ ಕಂಪ್ಯೂಟರ್ ಮೇಷ್ಟ್ರು ತಮಗೆ ಗೊತ್ತಿದ್ದ ಸರ್ಕಸ್ಸನ್ನೆಲ್ಲ ಮಾಡಿ ನೋಡಿದರು. ದನಿ ಇಳಿಸಿಕೊಳ್ಳುವ ಅನುಕೂಲ ದುಡ್ಡು ಕೊಟ್ಟವರಿಗೆ ಮಾತ್ರ ಎಂದು ತಿಳಿಯಿತು. ಕೊಡೋಣವೆಂದರೆ, ಮುಚ್ಚುವ ಅಂಗಡಿಯವರು ದುಡ್ಡು ತೆಗೆದುಕೊಳ್ಳುವುದನ್ನೂ ನಿಲ್ಲಿಸಿದ್ದಾರೆ. ಕಂಪ್ಯೂಟರಿನೊಳಗೇ ರೆಕಾರ್ಡ್ ಮಾಡಲು ಹೋದರೆ ಈ ಹಳೆಯ ಯಂತ್ರಗಳು ಎರಡು ನಿಮಿಷಕ್ಕೆ ಮರಗಟ್ಟುತ್ತವೆ. ಲ್ಯಾಬಕ್ಕ ಹಳೆಯ ಮಕ್ಕಳಿಗೆ ಪಾಸ್‌ವರ್ಡ್ ಹಂಚಿ, ನಿಮ್ಮ ಮನೆಯವರ ದನಿ ನೀವೇ ಹಿಡಿದಿಟ್ಟುಕೊಳ್ಳಿ ಎಂದರು. ಒಂದೇ ಖಾತೆಗೆ ಐವತ್ತು ಕಡೆಯಿಂದ ಜನ ನುಗ್ಗಿದ್ದೇ ತಡ, ಕಳ್ಳರು ಬಿದ್ದರೆಂದು ತಾಣ ಬಾಗಿಲು ಹಾಕಿಕೊಂಡಿತು. ಮತ್ತೆ ಹೀಗಾದರೆ ಖಾತೆಯೇ ರದ್ದು ಎಂಬ ಎಚ್ಚರಿಕೆಯೊಡನೆ ಅದನ್ನು ತೆರೆಸಲು ಮೂರು ದಿನ ಹಿಡಿಯಿತು. ಉಳಿದದ್ದು ಹದಿನೈದು.

ಹೀಗಾಗಿ ಈ ಒದ್ದಾಟ. ಹಗಲು ಮಕ್ಕಳ ಗದ್ದಲ, ಸಂಜೆ ಪಕ್ಕದ ಗ್ಯಾರೇಜಿನ ಬಡಿತ. ಸದ್ದಿಲ್ಲದ, ನೆಟ್ ಕೂಡ ನೆಟ್ಟಗಿರುವ ಹೊತ್ತೆಂದರೆ ಬೆಳಗಿನ ಐದೂವರೆಯಿಂದ ಏಳೂವರೆ. ದನಿಯನ್ನು ಬೇಗ ಬೇಗ ಓಡಿಸಲು ಬರುವುದಿಲ್ಲ. ಏಳು ನಿಮಿಷ ಮಾತಾಡಿದವರಿಗೆ ಏಳು ನಿಮಿಷ ಕೂರಲೇಬೇಕು. ಎರಡು ಕಂಪ್ಯೂಟರಿನಲ್ಲಿ ಒಟ್ಟಿಗೆ ಹಾಕಿದರೆ ಎರಡೂ ತೊದಲುತ್ತವೆ. ದಿನಕ್ಕೆ ಹದಿಮೂರು ಆದರೆ ಹೆಚ್ಚು. ಹದಿನೈದು ಬೆಳಗಿಗೆ ನೂರ ತೊಂಬತ್ತೈದು. ಅಂದರೆ ಸುಮಾರು ಅರ್ಧ ಜನ ಹೋಗಲೇಬೇಕು.

ಯಾರು ಹೋಗಬೇಕು? ಇದನ್ನು ತೀರ್ಮಾನಿಸಲು ಮುಖ್ಯೋಪಾಧ್ಯಾಯರ ಬಳಿ ಹೋದರಂತೆ. “ಇದೇನು ಪರೀಕ್ಷೆಗೆ ಬರುತ್ತೇನಮ್ಮಾ?” ಎಂದರು. ಎರಡು ದಿನ ಮಧ್ಯಾಹ್ನದಿಂದ ಶಾಲೆಗೆ ರಜೆ ಕೊಟ್ಟರೆ ಇನ್ನೂ ನಲವತ್ತು ದನಿ ಹಿಡಿಯಬಹುದಿತ್ತು. ಲ್ಯಾಬಕ್ಕ ಅದನ್ನೂ ಕೇಳಿದರು, ಸಿಗಲಿಲ್ಲ. ಫಲಿತಾಂಶ ಇಳಿದರೆ ಉತ್ತರ ಕೊಡಬೇಕಾದವರು ಅವರೇ, ಪೂರ್ತಿ ಬೈಯಲು ನನಗೆ ಮನಸ್ಸಿಲ್ಲ. ಆದರೆ ಆ ಮಾತು ಕೇಳಿ ಮೈಯೆಲ್ಲ ಉರಿಯಿತು.

ಕೊನೆಗೆ ಲ್ಯಾಬಕ್ಕನೇ ಒಂದು ನಿಯಮ ಮಾಡಿದರು. ಸತ್ತವರು ಮೊದಲು. ಬದುಕಿರುವವರನ್ನು ಮಕ್ಕಳು ಮತ್ತೊಮ್ಮೆ ಕೇಳಬಹುದು, ಸತ್ತವರನ್ನು ಕೇಳಲಾಗದು. ನಿಯಮವೇನೋ ನ್ಯಾಯವಾದದ್ದೇ. ಆದರೆ ಯಾರು ಸತ್ತಿದ್ದಾರೆ ಎಂದು ತಿಳಿಯುವುದು ಹೇಗೆ? ದಾಖಲಾತಿ ಪುಸ್ತಕದಿಂದ ನಂಬರುಗಳನ್ನು ತೆಗೆದು ಒಬ್ಬೊಬ್ಬರಿಗೂ ಫೋನ್ ಮಾಡಿದರು. ನೋಟ್‌ಬುಕ್ಕಿನಲ್ಲಿ ಮೂರು ಕಾಲಮ್ಮು: ಇದ್ದಾರೆ, ಇಲ್ಲ, ಫೋನ್ ಹೋಗಲ್ಲ.

“ಹತ್ತು ವರ್ಷ ಆದ್ಮೇಲೆ ಫೋನ್ ಮಾಡಿ ‘ನಿಮ್ಮಜ್ಜ ಇದ್ದಾರಾ?’ ಅಂತ ಕೇಳ್ಬೇಕು. ಕೆಲವರು ಬೈದ್ರು. ‘ಇದ್ದಾರೆ ಅಕ್ಕ, ಗಟ್ಟಿಮುಟ್ಟಾಗಿದ್ದಾರೆ’ ಅಂತ ಖುಷಿಯಾಗಿ ಹೇಳ್ತಾರಲ್ಲ, ಆಗ ಅವರ ಹೆಸರು ಹೊಡೆದು ಹಾಕ್ಬೇಕು. ಬದುಕಿದ್ದೇ ತಪ್ಪೇನೋ ಅನ್ನೋ ಹಾಗೆ. ನಮ್ಮ ಯಜಮಾನ್ರು ನನಗೆ ಚಿತ್ರಗುಪ್ತ ಅಂತ ಹೆಸರಿಟ್ಟಿದ್ದಾರೆ.”

ಯಜಮಾನರು ಚಪ್ಪಲಿ ರಿಪೇರಿ ಮಾಡುತ್ತಾರೆ. ಮೊದಮೊದಲು ರೇಗಿಸಿದರು. ಈಗ ನಾಲ್ಕೂವರೆಗೆ ಎದ್ದು ತಾವೇ ಚಹಾ ಮಾಡಿ, ಫ್ಲಾಸ್ಕಿಗೆ ತುಂಬಿ, ಹೆಂಡತಿಯನ್ನು ಸೈಕಲ್ಲಿನಲ್ಲಿ ಗೇಟಿನವರೆಗೆ ಬಿಟ್ಟುಹೋಗುತ್ತಾರೆ. ಆ ಫ್ಲಾಸ್ಕಿನ ಮುಚ್ಚಳದಲ್ಲಿ ನನಗೂ ಎರಡು ಗುಟುಕು ಸಿಗುತ್ತದೆ.

ಒಂದು ಮನೆಯ ವಿಷಯ ಕೇಳಿದಾಗ ಮಾತ್ರ ಲ್ಯಾಬಕ್ಕ ನೋಟ್‌ಬುಕ್ ಮುಚ್ಚಿಬಿಡುತ್ತಾರೆ. ಒಬ್ಬ ಬಡಗಿ. ‘ಅಪ್ಪ ಇದ್ದಾರಾ?’ ಎಂದು ಕೇಳಿದ್ದಕ್ಕೆ ಮಗಳು, ‘ಇದ್ದಾರೆ ಅಕ್ಕ. ಹೋದ ವರ್ಷ ಲಕ್ವಾ ಹೊಡೀತು. ಮಾತು ನಿಂತುಹೋಗಿದೆ’ ಎಂದಳಂತೆ. “ಯಾವ ಕಾಲಮ್ಮಿಗೆ ಹಾಕ್ಲಿ ಹೇಳಿ? ಅರ್ಧ ಗಂಟೆ ಪೆನ್ನು ಹಿಡ್ಕೊಂಡು ಕೂತೆ. ಕೊನೆಗೆ ‘ಇಲ್ಲ’ ಅನ್ನೋ ಕಡೆ ಬರೆದೆ. ಬದುಕಿರೋ ಮನುಷ್ಯನ್ನ ನನ್ನ ಕೈಯಾರೆ ಅಲ್ಲಿ ಬರೆದೆ.” ಕಣ್ಣು ಒರೆಸಿಕೊಳ್ಳುವುದಿಲ್ಲ. ಫೋನ್ ಹಿಡಿದ ಕೈ ಅಲುಗಬಾರದು, ಮುಂದಿನವರು ಲೋಡ್ ಆಗಿದ್ದಾರೆ.

ನಾನು ಕೂತಿರುವುದು ಹತ್ತನೇ ಬೆಳಗು. ‘ಇಲ್ಲ’ ಎಂಬ ಕಾಲಮ್ಮಿನಲ್ಲಿ ನೂರ ಎಪ್ಪತ್ತೊಂದು ಹೆಸರು. ಮಿಕ್ಕ ಇಪ್ಪತ್ತನಾಲ್ಕು ಜಾಗ, ಫೋನ್ ಹೋಗದ ಅರವತ್ತನಾಲ್ಕು ಮನೆಗಳಲ್ಲಿ ಯಾರಿಗಾದರೂ ಸಿಗಬೇಕು. ಯಾರಿಗೆ ಎಂದು ಕೇಳಿದರೆ, “ಕಣ್ಮುಚ್ಚಿ ಬೆರಳಿಡ್ತೀನಿ, ಇನ್ನೇನು ಮಾಡ್ಲಿ” ಎನ್ನುತ್ತಾರೆ. ಇರುವವರು ನೂರ ಐವತ್ತೊಂದು. ಮತ್ತೆ ಕೇಳಿಕೊಳ್ಳುತ್ತೇವೆ ಎಂದು ಮಕ್ಕಳೇನೋ ಹೇಳಿದ್ದಾರೆ. ಯಾರೂ ಕೇಳುವುದಿಲ್ಲ ಎಂದು ಲ್ಯಾಬಕ್ಕನಿಗೂ ಗೊತ್ತು, ನನಗೂ ಗೊತ್ತು. ನನ್ನಪ್ಪ ಮೂವತ್ತೈದು ವರ್ಷ ಅಚ್ಚುಕೂಟದಲ್ಲಿ ದುಡಿದರು, ಒಂದು ದಿನವೂ ನಾನು ಎದುರು ಕೂತು ಕೇಳಲಿಲ್ಲ. ಕೇಳೆಂದು ಹೇಳುವ ಮೇಷ್ಟ್ರು ನನಗಿರಲಿಲ್ಲ ಎಂಬುದು ಒಂದು ನೆಪ, ಅಷ್ಟೆ.

ನೀವು ಇದನ್ನು ಓದುವ ಹೊತ್ತಿಗೆ ಆ ತಾಣ ಮುಚ್ಚಿರುತ್ತದೆ. ಇಂಥ ಬರಹದಲ್ಲಿ ಓದುಗರಿಗೆ ಭರವಸೆಯ ಒಂದು ಮಾತಾದರೂ ಕೊಡಬೇಕೆಂಬ ರೂಢಿ ಇದೆ. ಹುಡುಕಿದೆ, ಸಿಗಲಿಲ್ಲ.

ಏಳೂವರೆಗೆ ಕೆಳಗೆ ಬಕೆಟ್ಟಿನ ಸದ್ದು. ಹದಿಮೂರನೆಯವರು ಮುಗಿದಿದ್ದಾರೆ. ಗೇಟು ಕಿರುಗುಟ್ಟುತ್ತದೆ, ಮೊದಲ ಮಕ್ಕಳ ಕೂಗು ಮೆಟ್ಟಿಲೇರುತ್ತದೆ. ಇನ್ನು ರೆಕಾರ್ಡ್ ಮಾಡಲು ಬರುವುದಿಲ್ಲ. ಪಟ್ಟಿಯ ಮೇಲೆ ಕಣ್ಣಾಡಿಸುತ್ತಿದ್ದ ನನಗೆ ‘ಇದ್ದಾರೆ’ ಕಾಲಮ್ಮಿನ ಮಧ್ಯದಲ್ಲಿ ಒಂದು ಹೆಸರಿನ ಮುಂದೆ ‘ಲ್ಯಾಬ್ ಸಹಾಯಕಿ’ ಎಂದು ಕಾಣುತ್ತದೆ.

“ನಾನೇ” ಎನ್ನುತ್ತಾರೆ, ಸಿಕ್ಕಿಬಿದ್ದವರ ಹಾಗೆ. “ಆರು ವರ್ಷ ಆಯ್ತು. ಹಾಸ್ಟೆಲಿನ ಹುಡುಗಿ ಒಬ್ಬಳಿಗೆ ಮನೇಲಿ ಯಾರೂ ಇರ್ಲಿಲ್ಲ. ಲ್ಯಾಬಕ್ಕನ್ನ ಕೇಳ್ಲಾ ಅಂತ ಬಂದ್ಲು. ನನ್ನನ್ನ ಈ ಕೆಲಸದ ಬಗ್ಗೆ ಯಾರಾದ್ರೂ ಕೂತು ಕೇಳಿದ್ದು ಅಂದ್ರೆ ಅದೊಂದೇ ಸಲ.”

ಕೇಳಿಸಿ ಎನ್ನುತ್ತೇನೆ. ಹೇಗೂ ಗದ್ದಲ ಶುರುವಾಗಿದೆ, ಯಾರ ಪಾಲಿನ ಹೊತ್ತೂ ಹಾಳಾಗುವುದಿಲ್ಲ. ನನ್ನ ಫೋನ್ ಹೊರತೆಗೆದು ಸ್ಪೀಕರಿನ ಹತ್ತಿರ ಒಯ್ಯುತ್ತೇನೆ. ಲ್ಯಾಬಕ್ಕ ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಾರೆ.

“ಬೇಡ ಮೇಡಮ್. ಇದ್ದೋರಿಗೆ ಜಾಗ ಇಲ್ಲ ಅಂತ ನೂರಾ ಐವತ್ತು ಮನೆಗೆ ಹೇಳಿದೀನಿ. ನನಗೊಬ್ಬಳಿಗೆ ಬೇರೆ ನ್ಯಾಯಾನಾ?”

ಹಾಗಾಗಿ ಈ ಮಾತುಗಳು ನನ್ನ ನೋಟ್‌ಬುಕ್ಕಿನಲ್ಲಿ ಮಾತ್ರ ಇವೆ. ಪುಟ್ಟ ದನಿಯೊಂದು ಗಂಭೀರವಾಗಿ ಮೂರನೇ ಪ್ರಶ್ನೆ ಕೇಳುತ್ತದೆ. ಆರು ವರ್ಷ ಕಿರಿಯ ಲ್ಯಾಬಕ್ಕ ನಗುತ್ತಾರೆ.

“ಯಾರಿಗೂ ಗೊತ್ತಿಲ್ಲದ್ದಾ? ನೀವೆಲ್ಲ ಬೆಲ್ ಹೊಡೆದ ತಕ್ಷಣ ಸೇವ್ ಮಾಡ್ದೆ ಎದ್ದು ಓಡ್ತೀರಲ್ಲ, ಆಮೇಲೆ ನಾನು ಒಂದೊಂದು ಕಂಪ್ಯೂಟರಿಗೂ ಹೋಗಿ ನಿಮ್ಮದನ್ನೆಲ್ಲ ಸೇವ್ ಮಾಡ್ತೀನಿ. ಮಾರನೇ ದಿನ ಬಂದು ನೀವೇ ಮಾಡಿದ್ದು ಅಂದ್ಕೋತೀರಿ. ಇಷ್ಟು ವರ್ಷದಲ್ಲಿ ಒಂದು ಮಗೂದೂ ಕಳೆದಿಲ್ಲ ಕಣಮ್ಮ.”

ದನಿ ನಿಲ್ಲುತ್ತದೆ. ಲ್ಯಾಬಕ್ಕ ಎದ್ದು ಬಾಗಿಲ ಸಂದಿಯ ಗೋಣಿಚೀಲ ತೆಗೆಯುತ್ತಾರೆ. ಕಿಟಕಿಗಳನ್ನು ಒಂದೊಂದಾಗಿ ತೆರೆಯುತ್ತಾರೆ, ಫ್ಯಾನ್ ಹಾಕುತ್ತಾರೆ. ಹೊರಗೆ ಮೊದಲ ಪೀರಿಯಡ್ಡಿನ ಮಕ್ಕಳು ಚಪ್ಪಲಿ ಬಿಡುತ್ತಿದ್ದಾರೆ. ನನ್ನ ಮುಖ ನೋಡದೆ ಹೇಳುತ್ತಾರೆ:

“ಅದು ಅಳಿಸಿ ಹೋಗೋದೇ ಒಳ್ಳೇದು ಮೇಡಮ್. ಇನ್ನು ಆ ಮಾತು ಸುಳ್ಳು.”